ಮಾತಿಗೆ ಎಲ್ಲೆ ಎಲ್ಲಿ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಎಚ್ಚರಿಸಿದ್ದಾರೆ. ಅದು ಆಡುವವನು ತಾನಾಗಿಯೇ ಹಾಕಿಕೊಳ್ಳುವ ಮಿತಿ. ರಾಜ್ಯವು ಕಾನೂನಿನಿಂದ ಹಾಕುವ ಮಿತಿಯ ಪ್ರಶ್ನೆ ಬೇರೆ. ಅದು ಎಲ್ಲಿರಬೇಕು, ಅದನ್ನು ಅಳೆಯತಕ್ಕವರು ಯಾರು? ನಮ್ಮ ಗಣರಾಜ್ಯವು ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಈ ಪ್ರಶ್ನೆ ಎದುರಾಯಿತು.

ಬ್ರಿಟಿಷರ ಆಳಿಕೆಯಲ್ಲಿ ಉತ್ತರ ಸುಲಭವಾಗಿತ್ತು. ಸರ್ಕಾರದ ಮೇಲೆ ಜನರಿಗೆ ಅಪ್ರೀತಿ ಹುಟ್ಟಿಸುವುದೇ ರಾಜದ್ರೋಹ. ಈ ಆಪಾದನೆಯ ಮೇಲೆ ತಿಲಕರು 1897ರಲ್ಲಿಯೂ 1908ರಲ್ಲಿಯೂ, ಗಾಂಧೀಜಿಯವರು 1922ರಲ್ಲಿಯೂ ಸೆರೆಮನೆ ಸೇರಿದರು. ಆ ನೆನಪು ಮಾಸದಿದ್ದ ರಾಜ್ಯಾಂಗ ಸಭೆಯು, 1948ರ ಡಿಸೆಂಬರಿನಲ್ಲಿ, ಕೆ. ಎಂ. ಮುನ್ಷಿಯವರ ಸೂಚನೆಯಂತೆ, ಕರಡಿನಲ್ಲಿದ್ದ ‘ರಾಜದ್ರೋಹ’ ಎಂಬ ಪದವನ್ನೇ ಕೈಬಿಟ್ಟಿತು. 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಮಾನಹಾನಿ, ನ್ಯಾಯಾಲಯ ನಿಂದನೆ, ಅಸಭ್ಯತೆ, ಅನೀತಿ, ರಾಜ್ಯದ ಭದ್ರತೆಗೆ ಕುಂದು, ಇವಿಷ್ಟನ್ನು ಮಾತ್ರ ಹೊರಗಿಟ್ಟಿತು.

1950ರ ಮಾರ್ಚ್ ತಿಂಗಳಲ್ಲಿ ಎರಡು ಆಜ್ಞೆಗಳು ಹೊರಟವು. ರೊಮೇಶ್ ಥಾಪರರು ಮುಂಬಯಿಯಿಂದ ನಡೆಸುತ್ತಿದ್ದ ‘ಕ್ರಾಸ್ ರೋಡ್ಸ್’ ವಾರಪತ್ರಿಕೆಯು ತನ್ನ ಪ್ರಾಂತದೊಳಕ್ಕೆ ಬರಕೂಡದೆಂದು ಮದರಾಸು ಸರ್ಕಾರ ವಿಧಿಸಿತು. ‘ಆರ್ಗನೈಸರ್’ ಪತ್ರಿಕೆಯು ಕೆಲವು ವಿಷಯಗಳನ್ನು ಅಚ್ಚಿಗೆ ಮುಂಚೆ ಅಧಿಕಾರಿಗಳಿಗೆ ತೋರಿಸಬೇಕೆಂದು ದೆಹಲಿಯ ಆಡಳಿತ ಹೇಳಿತು. ಒಂದು ಎಡಪಂಥದ ಪತ್ರಿಕೆ, ಇನ್ನೊಂದು ಬಲಪಂಥದ್ದು. ಮೇ 26ರಂದು ಸರ್ವೋಚ್ಚ ನ್ಯಾಯಾಲಯವು ಎರಡು ಆಜ್ಞೆಗಳನ್ನೂ ಒಟ್ಟಿಗೆ ರದ್ದುಗೊಳಿಸಿತು. ಊರಿನ ಶಾಂತಿ ಕದಡುವುದು ಬೇರೆ, ರಾಜ್ಯದ ಭದ್ರತೆ ಅಲುಗುವುದು ಬೇರೆ ಎಂಬುದು ಪತಂಜಲಿ ಶಾಸ್ತ್ರಿಗಳು ಬರೆದ ಬಹುಮತದ ತೀರ್ಪಿನ ಸಾರ. ಫಜಲ್ ಅಲಿಯವರು ಇದನ್ನು ಒಪ್ಪಲಿಲ್ಲ.

ಅದೇ ವರ್ಷ ಪಟನಾ ಹೈಕೋರ್ಟಿನ ಒಂದು ತೀರ್ಪಿನಿಂದ, ಕೊಲೆಗೆ ಪ್ರಚೋದಿಸುವ ಮಾತನ್ನೂ ಶಿಕ್ಷಿಸಲಾಗದೇನೋ ಎಂಬ ಶಂಕೆ ಎದ್ದಿತು. ಈ ಶಂಕೆಯನ್ನು ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿರಲಿಲ್ಲ. 1951ರ ಮೇ ತಿಂಗಳಲ್ಲಿ ನೆಹರೂರವರು ತಂದ ಮೊದಲನೆಯ ತಿದ್ದುಪಡಿಯು ಸಾರ್ವಜನಿಕ ಶಾಂತಿ, ಅಪರಾಧಕ್ಕೆ ಪ್ರಚೋದನೆ, ವಿದೇಶಗಳೊಡನೆ ಸ್ನೇಹ ಎಂಬ ಮೂರು ಕಾರಣಗಳನ್ನು ಸೇರಿಸಿತು. ಶ್ಯಾಮಪ್ರಸಾದ ಮುಖರ್ಜಿಯವರು ತೀವ್ರವಾಗಿ ವಿರೋಧಿಸಿದರು. ಮಸೂದೆಯು ಪರಿಶೀಲನಾ ಸಮಿತಿಯಿಂದ ಹಿಂದಿರುಗಿದಾಗ, ನಿರ್ಬಂಧವು ‘ಯುಕ್ತ’ವಾಗಿರಬೇಕೆಂಬ ಪದ ಅದರಲ್ಲಿ ಸೇರಿತ್ತು.

ಆ ಒಂದು ಪದವೇ ಅಳತೆಗೋಲನ್ನು ನ್ಯಾಯಾಲಯದ ಕೈಗೆ ಕೊಟ್ಟಿತು. 1954ರಲ್ಲಿ ರಾಮಮನೋಹರ ಲೋಹಿಯಾರವರು, ಹೆಚ್ಚಿಸಿದ ನೀರಾವರಿ ದರವನ್ನು ಕೊಡಬೇಡಿರೆಂದು ಫರೂಕಾಬಾದಿನ ರೈತರಿಗೆ ಹೇಳಿ ಬಂಧನಕ್ಕೊಳಗಾದರು. ಆ ಮಾತಿನಿಂದ ಮುಂದೆಂದೋ ಕ್ರಾಂತಿಯಾದೀತೆಂದು ಸರ್ಕಾರ ವಾದಿಸಿತು. ಮಾತಿಗೂ ಅಶಾಂತಿಗೂ ನಿಕಟವಾದ ಸಂಬಂಧವಿರಬೇಕು, ದೂರದ ಊಹೆ ಸಾಲದು ಎಂದು 1960ರಲ್ಲಿ ಸರ್ವೋಚ್ಚ ನ್ಯಾಯಾಲಯ ಉತ್ತರಿಸಿತು. 1962ರ ಕೇದಾರನಾಥ ಸಿಂಗ್ ಮೊಕದ್ದಮೆಯಲ್ಲಿ ರಾಜದ್ರೋಹದ ಕಲಮು ಉಳಿಯಿತು. ಆದರೆ ಹಿಂಸೆಗೆ ಪ್ರಚೋದಿಸುವ ಅಥವಾ ಅಶಾಂತಿ ಎಬ್ಬಿಸುವ ಮಾತಿಗೆ ಮಾತ್ರ ಅದು ಸೀಮಿತವಾಯಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನಕ್ಕೆ ಹೊಸದು ಬಂದಿದೆ. ಅದರಲ್ಲಿ ‘ರಾಜದ್ರೋಹ’ ಎಂಬ ಹೆಸರಿಲ್ಲ. ದೇಶದ ಏಕತೆಗೆ ಅಪಾಯ ತರುವ ಮಾತನ್ನು ದಂಡಿಸುವ 152ನೆಯ ಕಲಮು ಉಂಟು.

ಹೆಸರು ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಹಿಂದಿನದೇ. ಆ ಮಾತು ಆಳುವವರಿಗೆ ಎಷ್ಟು ಕಹಿಯಾಯಿತು ಎಂಬುದಲ್ಲ, ಕೇಡಿಗೆ ಎಷ್ಟು ಹತ್ತಿರವಾಗಿತ್ತು ಎಂಬುದು. ಅದನ್ನು ತೂಗುವವರು ಆ ಮಾತಿನಿಂದ ನೊಂದ ಅಧಿಕಾರಿಗಳೇ ಆಗಿರಬಾರದೆಂಬುದನ್ನು 1950ರ ಆ ಎರಡು ಪತ್ರಿಕೆಗಳ ಕಥೆ ನಮಗೆ ತಿಳಿಸುತ್ತದೆ.