ಕಬ್ಬಿನ ಹಾಲಿಗೆ ಚೀಟಿ

ಕಳೆದ ಫೆಬ್ರುವರಿಯ ಒಂದು ಭಾನುವಾರ ಬೆಳಗಾಗುತ್ತಲೇ ಶಿವಮೊಗ್ಗದಿಂದ ಹೊರಟು, ಸಾಗರ, ತಾಳಗುಪ್ಪ ದಾಟಿ ಸಿದ್ದಾಪುರದ ಕಡೆಗೆ ಆಲೆಮನೆ ನೋಡಲು ಹೋದೆವು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ನಾನು. ಅಡಿಕೆ ತೋಟದ ಆಚೆ ಗದ್ದೆ, ಗದ್ದೆಯಂಚಿಗೆ ಚಪ್ಪರ, ಚಪ್ಪರದ ಬಾಯಲ್ಲಿ ಒಂದು ಮೇಜು. ಮೇಜಿನ ಹಿಂದೆ ಕೂತ ಹುಡುಗ ತಲೆ ಎಣಿಸಿ ಐದು ಚೀಟಿ ಹರಿದ. ಕಬ್ಬಿನ ಹಾಲು ಎಷ್ಟು ಬೇಕಾದರೂ ಕುಡಿಯಬಹುದು, ಮಂಡಕ್ಕಿ ಮಿರ್ಚಿ ತಲೆಗೊಂದು ಪ್ಲೇಟು, ತೊಡದೇವು ಎರಡು. ಜೇಬಿಗೆ ಹೋದ ನನ್ನ ಕೈ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ಅರವತ್ತೆಂಟು ವರ್ಷದಲ್ಲಿ ಆಲೆಮನೆಯಲ್ಲಿ ದುಡ್ಡು ಕೊಟ್ಟದ್ದು ಅದೇ ಮೊದಲು.

ನಮ್ಮ ಕಡೆ ಕಬ್ಬಿನ ರಸ ಅನ್ನುವುದಿಲ್ಲ, ಹಾಲು ಅನ್ನುತ್ತೇವೆ. ನನ್ನ ಅಜ್ಜಿಯ ಲೆಕ್ಕದಲ್ಲಿ ಮಜ್ಜಿಗೆ ಮಾರುವುದು ಪಾಪ, ಕಬ್ಬಿನ ಹಾಲೂ ಆ ಪಟ್ಟಿಯಲ್ಲೇ ಇತ್ತು. ಬೆಲ್ಲವನ್ನು ಮಾರಬಹುದು, ಹಾಲನ್ನು ಕುಡಿಸಬೇಕು. ಗಾಣ ತಿರುಗುತ್ತಿರುವಾಗ ದಾರಿಯಲ್ಲಿ ಹೋಗುವವನನ್ನು ಕೂಗಿ ಕರೆಯದಿದ್ದರೆ ಪಾಕ ಕೆಡುತ್ತದೆ ಎಂದು ಅವಳು ನಂಬಿದ್ದಳು. ಹಾಗಾಗಿ ಆಲೆಮನೆಗೆ ಹೋಗುವುದು ಎಂಬ ಒಂದು ದಿನದ ತಿರುಗಾಟ ನಮಗೆ ಹೊಸದಲ್ಲ. ನೆಂಟರು ಎರಡು ಹರಿದಾರಿ ನಡೆದು ಬರುತ್ತಿದ್ದರು. ಶಾಲೆಯ ಮಾಸ್ತರರು ಮಧ್ಯಾಹ್ನಕ್ಕೇ ಬಾಗಿಲು ಹಾಕಿ ಮಕ್ಕಳ ಸಾಲು ಕಟ್ಟಿಕೊಂಡು ಬರುತ್ತಿದ್ದರು. ವಾಪಸು ಹೋಗುವವರ ಕೈಯಲ್ಲಿ ಒಂದು ಚೊಂಬು ಹಾಲು, ಮರುದಿನದ ದೋಸೆಗೋ ಮಣ್ಣಿಗೋ.

ಗಾಣ ನಮ್ಮದಾಗಿರಲಿಲ್ಲ. ಊರಿಗೊಂದೋ ಎರಡೋ ಇರುತ್ತಿದ್ದವು. ಸಂಕ್ರಾಂತಿ ಕಳೆದ ಮೇಲೆ ಗಾಡಿಯ ಮೇಲೆ ಮನೆಯಿಂದ ಮನೆಗೆ ಸಾಗುತ್ತಿದ್ದವು. ಕೋಣಗಳೂ ಬಾಡಿಗೆಯವು, ಆಳು ಮುಯ್ಯಿಗೆ. ಇವತ್ತು ನಾಲ್ಕು ಮನೆಯವರು ನಮ್ಮಲ್ಲಿ ಕಬ್ಬು ಕಡಿದರೆ ಬರುವ ವಾರ ನಾವು ಅವರಲ್ಲಿಗೆ. ಕಬ್ಬು ಕೊಡುವವನು ಗಾಣದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ಉದ್ದನೆಯ ತೊಲೆ ಅವನ ತಲೆಯ ಮೇಲೆ ಹಾದುಹೋಗುವಾಗಲೆಲ್ಲ ಬಗ್ಗಬೇಕು. ನಾವು ಹುಡುಗರು ಅದೇ ತೊಲೆಯ ತುದಿಗೆ ಕೂತು ಸುತ್ತುತ್ತಿದ್ದೆವು. ನಡುರಾತ್ರಿಯ ತೂಕಡಿಕೆಯಲ್ಲಿ ಬೆರಳು ಉರುಳೆಗೆ ಸಿಕ್ಕಿ ತುದಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಆಲೆಮನೆಯ ನೆನಪು ಬರೆಯುವವರು ಅದನ್ನು ಯಾಕೋ ಬಿಟ್ಟುಬಿಡುತ್ತಾರೆ.

ಆ ಉರುಳೆಗೂ ಒಂದು ಚರಿತ್ರೆ ಇದೆ. ಅಜ್ಜನ ಅಪ್ಪನ ಕಾಲದ ಗಾಣ ಮರದ್ದು. ಅದರ ಕಿರುಗುಟ್ಟುವ ಸದ್ದು ಆಚೆ ಕೇರಿಗೆ ಕೇಳಿಸುತ್ತಿತ್ತಂತೆ, ಬೇರೆ ಕರೆಯೋಲೆ ಬೇಕಿರಲಿಲ್ಲ. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬ ಇಬ್ಬರು ಜಮೀನುದಾರ ಬ್ರಿಟಿಷರು ಎತ್ತು ಎಳೆಯಬಲ್ಲ ಸಣ್ಣ ಕಬ್ಬಿಣದ ಗಾಣ ಮಾಡಿದರು. ಮಾರಿದ್ದಕ್ಕಿಂತ ಹೆಚ್ಚಾಗಿ ಅದನ್ನು ಬಾಡಿಗೆಗೆ ಕೊಟ್ಟೇ ರೂಢಿ ಹಿಡಿಸಿದರು. ಆ ಬಗೆಯ ಗಾಣ ದೇಶವಿಡೀ ಹರಡಿ ಮರದ ಗಾಣ ಮೂಲೆ ಸೇರಿತು. ಬಾಡಿಗೆ ಗಾಣ ನಮ್ಮ ಮಲೆನಾಡಿನದೇ ಪದ್ಧತಿ ಎಂದು ನಾನು ಬಹಳ ವರ್ಷ ಹೆಮ್ಮೆಪಟ್ಟಿದ್ದೆ.

ಕಬ್ಬಿನ ತಳಿಯೂ ಹಾಗೆಯೇ ಬದಲಾಯಿತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ರಸದಾಳಿ, ಪಟ್ಟಾಪಟ್ಟಿ ಕಬ್ಬುಗಳನ್ನು ಕಂಡು ಬರೆದಿಟ್ಟ. ರಸದಾಳಿಯನ್ನು ಹಲ್ಲಿನಲ್ಲೇ ಸಿಗಿದು ತಿನ್ನಬಹುದು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಕೇಂದ್ರ ಶುರುವಾಯಿತು, ಅಲ್ಲಿ ಟಿ. ಎಸ್. ವೆಂಕಟರಾಮನ್ ಮತ್ತಿತರರು ಕಾಡುಕಬ್ಬಿನ ಜೊತೆ ಬೆರಕೆ ಮಾಡಿ ತೆಗೆದ ತಳಿಗಳಿಗೆ ಹೆಸರೇ ಇಲ್ಲ, ನಂಬರು. ಕೋ 419 ಎಂದರೆ ಈಗಲೂ ಹಳೆಯ ರೈತರು ತಲೆದೂಗುತ್ತಾರೆ.

ಮಂಡ್ಯದ ದಾರಿ ಬೇರೆ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿಯಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಮುಂದೆ ನಿಂತು 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಕಟ್ಟಿಸಿದರು. ಕಾರ್ಖಾನೆ ಬಂದರೆ ಆಲೆಮನೆ ಮುಚ್ಚಬೇಕಲ್ಲ? ಮುಚ್ಚಲಿಲ್ಲ. ಕಾರ್ಖಾನೆ ಕಬ್ಬು ಒಯ್ಯುವುದು ತಡವಾದಾಗ, ಹಣ ಬರುವುದು ಅದಕ್ಕಿಂತ ತಡವಾದಾಗ ರೈತನಿಗೆ ಆಲೆಮನೆಯೇ ಗತಿಯಾಯಿತು. ಅಲ್ಲಿನ ಆಲೆಮನೆ ಕೂಲಿಯಾಳುಗಳ, ಮೋಟಾರಿನ, ಅಚ್ಚುಬೆಲ್ಲದ ವ್ಯಾಪಾರ. ಬೆಲ್ಲ ಬೆಳ್ಳಗೆ ಕಾಣಲೆಂದು ಹೈಡ್ರೋಸ್ ಪುಡಿ ಬಿದ್ದದ್ದೂ ಮಾರುಕಟ್ಟೆಯ ಕಣ್ಣಿಗಾಗಿಯೇ.

ನಮ್ಮದು ಜೋನಿ ಬೆಲ್ಲ. ಅಚ್ಚಿಗೆ ಹೊಯ್ಯುವ ಬೆಲ್ಲ 118 ಡಿಗ್ರಿಯ ಹತ್ತಿರ ಹೋಗಬೇಕು. ಜೋನಿ 106ರ ಆಸುಪಾಸಿನಲ್ಲೇ ಇಳಿಯಬೇಕು. ನಮ್ಮಲ್ಲಿ ಡಿಗ್ರಿ ನೋಡುವವರು ಯಾರಿದ್ದರು? ಪಾಕ ನೋಡುವವನು ಸೌಟು ಎತ್ತಿ ಹಿಡಿದು ಬೀಳುವ ಹನಿಯನ್ನು ದಿಟ್ಟಿಸುತ್ತಿದ್ದ. ಮೊದಲು ಕೊಪ್ಪರಿಗೆಗೆ ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ. ಕಪ್ಪು ಮಡ್ಡಿ ಮೇಲೆ ಬಂದಂತೆ ತೆಗೆಯಬೇಕು. ಆಮೇಲೆ ಹಾಲು ಹೊನ್ನಿನ ಬಣ್ಣಕ್ಕೆ ತಿರುಗಿ, ಗುಳ್ಳೆ ದೊಡ್ಡದಾಗಿ, ನೊರೆ ಉಕ್ಕುತ್ತದೆ. ಆ ನೊರೆಬೆಲ್ಲವನ್ನು ಬಾಳೆಎಲೆಗೆ ಹಾಕಿಸಿಕೊಂಡು ನಾಲಿಗೆ ಸುಟ್ಟುಕೊಳ್ಳುವುದಕ್ಕೇ ನಾವು ನಿದ್ದೆಗೆಡುತ್ತಿದ್ದದ್ದು. ಪಪ್ಪಾಯಿ ಹೋಳನ್ನು ದಾರಕ್ಕೆ ಪೋಣಿಸಿ ಕುದಿಯುವ ಕೊಪ್ಪರಿಗೆಗೆ ಇಳಿಬಿಡುತ್ತಿದ್ದೆವು. ನೂರು ಕಿಲೋ ಕಬ್ಬಿಗೆ ಹತ್ತು ಕಿಲೋ ಬೆಲ್ಲ ಬಂದರೆ ಪುಣ್ಯ. ಅದರಲ್ಲಿ ನಮ್ಮ ಪಪ್ಪಾಯಿ ಕುಡಿದದ್ದೆಷ್ಟೋ.

ಎಲ್ಲರಿಗೂ ಹಾಲು ಪುಕ್ಕಟೆ ಎಂದೆನಲ್ಲ, ಅದು ನಿಜ. ಪಾತ್ರೆ ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಚಪ್ಪರದೊಳಗೆ ಕಂಬಳಿಯ ಮೇಲೆ ಕೂತವರಿಗೆ ಲೋಟ. ಹಗಲಿಡೀ ಕಬ್ಬು ಕಡಿದು ಹೊತ್ತವರಲ್ಲಿ ಕೆಲವರು ಚಪ್ಪರದ ಹೊರಗೆ ನಿಂತು ಬಾಳೆಎಲೆಯ ಕೊಟ್ಟೆ ಹಿಡಿಯುತ್ತಿದ್ದರು, ಅದಕ್ಕೆ ಮೇಲಿನಿಂದ ಹೊಯ್ಯುತ್ತಿದ್ದರು. ನಾನೂ ಹೊಯ್ದಿದ್ದೇನೆ, ಹತ್ತು ವರ್ಷದ ಹುಡುಗ, ಸೌಟು ತಾಗದಂತೆ ಜಾಗ್ರತೆಯಿಂದ. ಅಪ್ಪ ಹಾಗೆ ಕಲಿಸಿದ್ದ.

ಮುಂದೆ ಅಡಿಕೆಗೆ ಬೆಲೆ ಬಂತು, ಕಬ್ಬಿನ ಗದ್ದೆಗಳೂ ತೋಟವಾದವು. ಮುಯ್ಯಾಳು ನಿಂತಿತು, ಕೋಣ ಸಾಕುವವರು ಇಲ್ಲವಾದರು, ಕಾಡುಹಂದಿಯ ಕಾಟ ಬೇರೆ. ಮನೆಖರ್ಚಿಗೆಂದು ಅಲ್ಲೊಂದು ಇಲ್ಲೊಂದು ಆಲೆಮನೆ ಉಳಿಯಿತು. ಈಚೆಗೆ ಶಿರಸಿ, ಸಾಗರ, ಸಿದ್ದಾಪುರದ ಸುತ್ತ ಆಲೆಮನೆ ಹಬ್ಬಗಳು ಶುರುವಾಗಿವೆ. ಪೇಟೆಯವರು ಕಾರು ಹತ್ತಿ ಬರುತ್ತಾರೆ, ಹೊಟ್ಟೆತುಂಬ ಕುಡಿದು, ಬೆಲ್ಲ ಹೊತ್ತು ಹೋಗುತ್ತಾರೆ. ಕೋಣನ ಗಾಣ ಮತ್ತೆ ತಿರುಗುತ್ತಿರುವುದು ಹೆಚ್ಚಾಗಿ ಅವರ ಫೋಟೋಕ್ಕಾಗಿ. ಹಿಂದೆ ಡೀಸೆಲ್ ಗಾಣ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ಹಾಲಿನ ಸಾಲಿನಲ್ಲಿ ನನ್ನ ಮುಂದೆ ನಿಂತವರು ತಿರುಗಿ ನೋಡಿ, ‘ಹೆಗಡೇರು ಯಾವಾಗ ಬಂದ್ರಿ?’ ಅಂದರು. ನಮ್ಮೂರಿನವರೇ. ಅವರ ಅಪ್ಪ ನಮ್ಮ ಗದ್ದೆಯಲ್ಲಿ ಕಬ್ಬು ಕಡಿದವರು, ನಾನು ಹೊಯ್ದ ಕೊಟ್ಟೆ ಅವರದೂ ಇದ್ದಿರಬೇಕು. ‘ಮುಂದೆ ಬನ್ನಿ’ ಎಂದು ಪಕ್ಕಕ್ಕೆ ಸರಿದರು. ‘ನಿಮ್ಮದಾಗಲಿ’ ಅಂದೆ. ಅವರ ಕೈಯಲ್ಲೂ ಚೀಟಿ, ಅದೇ ಬಣ್ಣದ್ದು. ಒಂದೇ ಬಕೆಟ್ಟಿನಲ್ಲಿ ತೊಳೆದ ಸ್ಟೀಲಿನ ಲೋಟ ಅವರಿಂದ ನನಗೆ, ನನ್ನಿಂದ ಮತ್ಯಾರಿಗೋ ಹೋಯಿತು. ಅಜ್ಜಿಯ ಪಾಪದ ಲೆಕ್ಕವನ್ನು ಅಲ್ಲಿಗೆ ಬಿಟ್ಟೆ.

ಆಚೆ ಮೂಲೆಯಲ್ಲಿ ಹೆಂಗಸೊಬ್ಬರು ಮಡಕೆ ಬೋರಲು ಹಾಕಿ ತೊಡದೇವು ಮಾಡುತ್ತಿದ್ದರು. ಅಕ್ಕಿಹಿಟ್ಟಿಗೆ ಕಬ್ಬಿನ ಹಾಲು ಬೆರೆಸಿದ ತೆಳ್ಳನೆ ಹಿಟ್ಟು. ಅದರಲ್ಲಿ ಬಟ್ಟೆ ಅದ್ದಿ ಕಾದ ಮಡಕೆಯ ಬೆನ್ನಿಗೆ ಒಂದೇ ಬೀಸಿಗೆ ತೊಡೆಯುವುದು, ಅರೆಗಳಿಗೆಯಲ್ಲಿ ಎಬ್ಬಿಸಿ ಮಡಚುವುದು. ಮೊಮ್ಮಗಳು ತಾನೂ ಮಾಡುತ್ತೇನೆಂದು ಹಟ ಹಿಡಿದಳು. ಮೊದಲನೆಯದು ಹರಿಯಿತು, ಎರಡನೆಯದು ಕರಟಿತು, ಮೂರನೆಯದು ಎದ್ದು ಬಂತು, ನಡುವೆ ದೊಡ್ಡ ತೂತು. ‘ಇದು ಚೀಟಿಯ ಲೆಕ್ಕಕ್ಕಿಲ್ಲ ತಂಗೀ, ತಿನ್ನು’ ಅಂದರು ಅವರು.