ತಾರಸಿಯ ಸೋಲಾರ್‌ಗೆ ಒಪ್ಪಿಗೆ: ಕರ್ನಾಟಕದಲ್ಲಿ ಅದು ನಡೆದು ಬಂದ ದಾರಿ

ಕರ್ನಾಟಕದಲ್ಲಿ ಮನೆಯವರು ತಾವೇ ವಿದ್ಯುತ್ ತಯಾರಿಸಿಕೊಳ್ಳಲು ಅನುಮತಿ ಬೇಕಾದದ್ದು ಆ ವಿದ್ಯುತ್ತು ಸರ್ಕಾರಿ ತಂತಿಯನ್ನು ಸೇರತೊಡಗಿದ ಮೇಲೆ. ಅದಕ್ಕೂ ಮೊದಲು ಕಚೇರಿಯ ಬಾಗಿಲು ತಟ್ಟದೆಯೇ ಸಾವಿರಾರು ಮನೆಗಳು ತಮ್ಮ ಬೆಳಕನ್ನು ತಾವೇ ಮಾಡಿಕೊಂಡಿದ್ದವು. ಮಲೆನಾಡಿನಲ್ಲಿ ಕಂಬಗಳು ತಲುಪದ ಒಂಟಿ ಮನೆಗಳವರು ತೋಟದ ಮೇಲಿನ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಪುಟ್ಟ ಟರ್ಬೈನ್ ತಿರುಗಿಸಿ ದೀಪ, ರೇಡಿಯೊ, ಟಿ.ವಿ. ನಡೆಸಿದರು. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಬ್ಯಾಂಕ್ ಸಾಲದ ನೆರವಿನಿಂದ ಹಳ್ಳಿ ಮನೆಗಳಿಗೆ ಪ್ಯಾನೆಲ್, ಬ್ಯಾಟರಿ, ದೀಪಗಳ ಜೋಡಣೆಯನ್ನು ಒಯ್ದಿತು. ಅಲ್ಲಿ ಒಪ್ಪಿಗೆ ಕೊಡಬೇಕಿದ್ದವರು ಸಾಲ ಕೊಡುವ ಬ್ಯಾಂಕಿನವರು ಮಾತ್ರ. 1996ರಲ್ಲಿ ಹುಟ್ಟಿದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ (ಕ್ರೆಡಲ್) ಇಂಥ ಹಳ್ಳದ ವಿದ್ಯುತ್ತಿಗೆ ಸಹಾಯಧನದ ಮೂಲಕ ಬೆಂಬಲವನ್ನೂ ಕೊಟ್ಟಿತು.

ತಂತಿ ಇದ್ದ ಕಡೆ ಲೆಕ್ಕ ಬೇರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಂದಿನಿಂದಲೂ ಈ ನಾಡಿನಲ್ಲಿ ವಿದ್ಯುತ್ತೆಂದರೆ ಸರ್ಕಾರದ ಕೆಲಸ. ಸ್ವಾತಂತ್ರ್ಯಾನಂತರ 1948ರ ವಿದ್ಯುತ್ ಸರಬರಾಜು ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಹೊಸ ಉತ್ಪಾದನಾ ಕೇಂದ್ರ ಕಟ್ಟಬೇಕಿದ್ದರೆ ರಾಜ್ಯದ ವಿದ್ಯುತ್ ಮಂಡಳಿಯ ಲಿಖಿತ ಒಪ್ಪಿಗೆ ಬೇಕಿತ್ತು. 1957ರಲ್ಲಿ ರೂಪುಗೊಂಡ ಕೆಇಬಿಯೇ ಇಲ್ಲಿ ಆ ಮಂಡಳಿ. ಕಾಯ್ದೆಯ ಕಣ್ಣಿದ್ದದ್ದು ಕಾರ್ಖಾನೆಗಳ ಮೇಲೆ. ಮನೆಯೊಂದು ವಿದ್ಯುತ್ ತಯಾರಿಸಿ ಮಂಡಳಿಗೇ ಮಾರೀತು ಎಂಬ ಯೋಚನೆ ಆಗ ಯಾರಿಗೂ ಇರಲಿಲ್ಲ.

1999ರಲ್ಲಿ ಮಂಡಳಿ ಒಡೆದು ಕೆಪಿಟಿಸಿಎಲ್ ಎಂಬ ಸರ್ಕಾರಿ ಕಂಪನಿ ಆಯಿತು. ದರ ನಿಗದಿಯ ಅಧಿಕಾರ ಹೊಸದಾಗಿ ಬಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಹೋಯಿತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ವಿತರಣಾ ಕಂಪನಿಗಳು (ಎಸ್ಕಾಂಗಳು) ಕೆಲಸ ಶುರುಮಾಡಿದವು. ನಿಜವಾದ ತಿರುವು ಬಂದದ್ದು 2003ರ ವಿದ್ಯುಚ್ಛಕ್ತಿ ಕಾಯ್ದೆಯಿಂದ. ವಿದ್ಯುತ್ ಉತ್ಪಾದನೆಗೆ ಲೈಸೆನ್ಸ್ ಬೇಡ ಎಂದು ಅದು ಹೇಳಿತು. ನವೀಕರಿಸಬಹುದಾದ ಮೂಲಗಳನ್ನು ಪ್ರೋತ್ಸಾಹಿಸುವ ಹೊಣೆಯನ್ನು ರಾಜ್ಯ ಆಯೋಗಗಳಿಗೆ ಹೊರಿಸಿತು. ಹಾಗಿದ್ದರೂ ತಾರಸಿಯ ಪ್ಯಾನೆಲ್ಲನ್ನು ಬೀದಿಯ ತಂತಿಗೆ ಸೇರಿಸುವ ಬಗೆ ಹೇಗೆ, ಅದರ ಲೆಕ್ಕ ಇಡುವ ಮೀಟರ್ ಯಾವುದು ಎಂಬುದಕ್ಕೆ ರಾಜ್ಯದಲ್ಲಿ ನಿಯಮ ಮೂಡಲು ಇನ್ನೊಂದು ದಶಕ ಹಿಡಿಯಿತು.

ಈ ನಡುವೆ ಅನುಮತಿಯ ದಿಕ್ಕನ್ನೇ ತಿರುಗಿಸಿದ ಕ್ರಮವೊಂದು ಬಂತು. 2007ರಲ್ಲಿ ಸರ್ಕಾರ, ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹೀಟರ್ ಕೂರಿಸದಿದ್ದರೆ ವಿದ್ಯುತ್ ಸಂಪರ್ಕ ಸಿಗುವುದಿಲ್ಲ. ಕೂರಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ. ಬೆಂಗಳೂರಿನ ತಾರಸಿಗಳ ಮೇಲೆ ಇಂದು ಸಾಲಾಗಿ ಕಾಣುವ ನೀರಿನ ತೊಟ್ಟಿಗಳಿಗೆ ಈ ನಿಯಮದ ಪಾಲು ದೊಡ್ಡದು. ಸೌರಶಕ್ತಿಯ ಬಳಕೆಯನ್ನು ಕಚೇರಿಯೇ ಕೇಳಿ ಪಡೆದ ಅಪರೂಪದ ಉದಾಹರಣೆ ಇದು, ಮತ್ತು ಫಲ ಕೊಟ್ಟ ಉದಾಹರಣೆ. ವಾಟರ್ ಹೀಟರ್ ತಂತಿಯನ್ನು ಮುಟ್ಟುವುದಿಲ್ಲ ಎಂಬುದು ಇಲ್ಲಿ ಸಣ್ಣ ಸಂಗತಿಯಲ್ಲ.

ತಂತಿಗೆ ಸೇರುವ ಸೋಲಾರ್‌ಗೆ ದಾರಿ ತೆರೆದದ್ದು 2013ರ ಅಕ್ಟೋಬರ್‌ನ ಆಯೋಗದ ಆದೇಶ. ತಾರಸಿಯಿಂದ ಬರುವ ವಿದ್ಯುತ್ತಿಗೆ ಯೂನಿಟ್ಟಿಗೆ 9.56 ರೂಪಾಯಿ, ಸಹಾಯಧನ ಪಡೆದಿದ್ದರೆ 7.20 ರೂಪಾಯಿ ಎಂದು ಅದು ದರ ಕಟ್ಟಿತು. 2014ರ ಸೌರ ನೀತಿ 2018ರ ಹೊತ್ತಿಗೆ ತಾರಸಿಗಳಿಂದ 400 ಮೆಗಾವಾಟ್ ಎಂಬ ಗುರಿ ಇಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಸ್ಕಾಂ ನೆಟ್ ಮೀಟರಿಂಗ್ (ಮನೆ ಪಡೆದ ಮತ್ತು ತಂತಿಗೆ ಬಿಟ್ಟ ವಿದ್ಯುತ್ತಿನ ವ್ಯತ್ಯಾಸಕ್ಕೆ ಲೆಕ್ಕ ಕಟ್ಟುವ) ಯೋಜನೆಗೆ ಚಾಲನೆ ಕೊಟ್ಟಿತು.

ಆಗ ಮನೆಯೊಂದು ನಡೆಯಬೇಕಿದ್ದ ದಾರಿ ಉದ್ದವಾಗಿಯೇ ಇತ್ತು. ಬಿಲ್ಲಿನಲ್ಲಿರುವ ಆರ್‌.ಆರ್‌. ನಂಬರ್ ಬರೆದು ಸಬ್ ಡಿವಿಜನ್‌ಗೆ ಅರ್ಜಿ, ಜೊತೆಗೆ ನೋಂದಣಿ ಶುಲ್ಕ. ಎಂಜಿನಿಯರ್ ಬಂದು ಆ ಬೀದಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಇನ್ನಷ್ಟು ಹೊರೆ ತಾಳುತ್ತದೆಯೇ ಎಂದು ನೋಡಿ ವರದಿ ಕೊಡಬೇಕು. ಒಪ್ಪಿಗೆ ಪತ್ರ ಬಂದ ಮೇಲೆ ಛಾಪಾ ಕಾಗದದಲ್ಲಿ 25 ವರ್ಷಗಳ ವಿದ್ಯುತ್ ಖರೀದಿ ಒಪ್ಪಂದ. ಒಳಬರುವ, ಹೊರಹೋಗುವ ಎರಡೂ ವಿದ್ಯುತ್ತನ್ನು ಅಳೆಯುವ ಮೀಟರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ದೊಡ್ಡ ಸ್ಥಾವರವಾದರೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆಯೂ ಬೇಕು. ಕೊನೆಗೆ ಅಧಿಕಾರಿಗಳ ಎದುರಿಗೆ ತಂತಿಗೆ ಜೋಡಣೆ. ಮೀಟರ್ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆಯ ಅರ್ಜಿ ಕೊಡಬೇಕಿತ್ತು. ಎಷ್ಟೋ ಮನೆಗಳ ಉತ್ಸಾಹ ಅಲ್ಲಿಗೇ ತಣ್ಣಗಾಗುವುದು ಸಹಜ.

ಈ ತಪಾಸಣೆಯನ್ನೆಲ್ಲ ಬರೀ ಕಾಗದದ ಕಾಟ ಎಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಜೀವದ ಪ್ರಶ್ನೆಯಿದೆ. ಕಂಬ ಹತ್ತುವ ಲೈನ್‌ಮನ್ ಟಿ.ಸಿ.ಯಲ್ಲಿ ಸರಬರಾಜು ಕಡಿದಿದ್ದೇನೆಂಬ ನಂಬಿಕೆಯಿಂದ ತಂತಿಗೆ ಕೈಹಾಕುತ್ತಾನೆ. ಆ ಹೊತ್ತಿನಲ್ಲಿ ಯಾವುದೋ ತಾರಸಿಯಿಂದ ಹಿಮ್ಮುಖವಾಗಿ ವಿದ್ಯುತ್ ಹರಿದು ಬಂದರೆ ಆತ ಉಳಿಯುವುದಿಲ್ಲ. ಆದ್ದರಿಂದಲೇ ಬೀದಿಯ ಕರೆಂಟ್ ಹೋದ ಕೂಡಲೇ ತಂತಿಗೆ ವಿದ್ಯುತ್ ಬಿಡುವುದನ್ನು ಇನ್ವರ್ಟರ್ ತಾನಾಗಿ ನಿಲ್ಲಿಸಬೇಕು. ಸಣ್ಣ ಉತ್ಪಾದಕರನ್ನು ತಂತಿಗೆ ಸೇರಿಸುವ ಬಗ್ಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ತಂದ ತಾಂತ್ರಿಕ ನಿಯಮಗಳು ಇಂಥ ರಕ್ಷಣೆಯನ್ನು ಕಡ್ಡಾಯ ಮಾಡಿದವು. ಬ್ಯಾಟರಿ ಇಲ್ಲದ ತಾರಸಿ ಸೋಲಾರ್ ನಡುಮಧ್ಯಾಹ್ನದ ಬಿಸಿಲಲ್ಲೂ ಪವರ್ ಕಟ್ ಆದಾಗ ಸುಮ್ಮನಾಗುವುದು ಇದೇ ಕಾರಣಕ್ಕೆ. ಟಿ.ಸಿ.ಯ ತಪಾಸಣೆಗೂ ಆಧಾರವಿದೆ: ಒಂದೇ ಬೀದಿಯ ಹಲವು ಮನೆಗಳು ಮಧ್ಯಾಹ್ನ ಒಟ್ಟಿಗೆ ವಿದ್ಯುತ್ ಹೊರಗೆ ಬಿಟ್ಟರೆ ವೋಲ್ಟೇಜ್ ಏರುತ್ತದೆ. ಸಮಸ್ಯೆ ಇದ್ದದ್ದು ತಪಾಸಣೆಯಲ್ಲಲ್ಲ. ಎರಡು ಕಿಲೋವಾಟ್‌ನ ಮನೆಗೂ ದೊಡ್ಡ ಸ್ಥಾವರಕ್ಕೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲು ಕಟ್ಟಿದ್ದರಲ್ಲಿ.

9.56 ರೂಪಾಯಿಯ ದರ ಅನಿರೀಕ್ಷಿತ ಗಿರಾಕಿಗಳನ್ನೂ ಕರೆತಂದಿತು. ಮನೆಬಳಕೆಗಲ್ಲದೆ ಮಾರುವುದಕ್ಕೆಂದೇ ದೊಡ್ಡ ಶೆಡ್‌ಗಳ ಮಾಡಿನ ಮೇಲೆ ಪ್ಯಾನೆಲ್ ಹಾಸುವ ಒಪ್ಪಂದಗಳಾದವು. ಗಡುವಿನೊಳಗೆ ಕೆಲಸ ಮುಗಿಸದವರಿಗೆ ಹಳೆಯ ದರ ಸಲ್ಲುತ್ತದೆಯೇ ಎಂಬ ವ್ಯಾಜ್ಯಗಳು ಆಯೋಗದ ಮುಂದೆ ಬಂದವು. ಪ್ಯಾನೆಲ್ ಬೆಲೆಯೂ ಇಳಿಯುತ್ತಿತ್ತು. 2016ರ ಮೇ ತಿಂಗಳಲ್ಲಿ ಆಯೋಗ ದರವನ್ನು ಗಾತ್ರಕ್ಕೆ ತಕ್ಕಂತೆ ಹಂಚಿತು: ಸಹಾಯಧನವಿಲ್ಲದ 10 ಕಿಲೋವಾಟ್‌ವರೆಗಿನ ಸಣ್ಣ ಸ್ಥಾವರಕ್ಕೆ 7.08 ರೂಪಾಯಿ, ಅತಿ ದೊಡ್ಡದಕ್ಕೆ 5.20. ಮುಂದಿನ ವರ್ಷಗಳಲ್ಲಿ ಮನೆಗಳಿಗೆ ಸಿಗುವ ದರ ನಾಲ್ಕು ರೂಪಾಯಿಯ ಆಸುಪಾಸಿಗೆ ಇಳಿಯಿತು. ಸ್ಥಾವರದ ಗಾತ್ರವನ್ನು ಮನೆಗೆ ಮಂಜೂರಾದ ಲೋಡ್‌ಗೆ ಕಟ್ಟಿಹಾಕಿದ್ದು ಇನ್ನೊಂದು ತೊಡಕು. ಒಂದು ಕಿಲೋವಾಟ್ ಲೋಡ್ ಇರುವ ಮನೆ ಮೂರು ಕಿಲೋವಾಟ್ ಪ್ಯಾನೆಲ್ ಬಯಸಿದರೆ ಮೊದಲು ಲೋಡ್ ಏರಿಸಿ, ಠೇವಣಿ ಕಟ್ಟಿ ಬರಬೇಕಿತ್ತು.

2020ರ ಕೊನೆಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಂದಿತು. ತಾರಸಿಯಲ್ಲಿ ವಿದ್ಯುತ್ ತಯಾರಿಸುವುದು ಅದರಲ್ಲಿ ಗ್ರಾಹಕನ ಹಕ್ಕಿನ ಪಟ್ಟಿಗೆ ಸೇರಿತು. ನೆಟ್ ಮೀಟರಿಂಗ್‌ಗೆ ಮೊದಲು ಇಟ್ಟ 10 ಕಿಲೋವಾಟ್ ಮಿತಿಗೆ ಆಕ್ಷೇಪ ಎದ್ದಾಗ 2021ರಲ್ಲಿ ಅದನ್ನು 500 ಕಿಲೋವಾಟ್‌ಗೆ ಏರಿಸಲಾಯಿತು. 2022ರ ಜುಲೈನಲ್ಲಿ ಬಂದ ರಾಷ್ಟ್ರೀಯ ಪೋರ್ಟಲ್ ಅರ್ಜಿಯನ್ನು ಆನ್‌ಲೈನ್‌ಗೆ ತಂದಿತು. ಇವೆಲ್ಲಕ್ಕಿಂತ ಮುಖ್ಯವಾದದ್ದು 2024ರ ಫೆಬ್ರುವರಿಯ ತಿದ್ದುಪಡಿ. ಅದರ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಡ, ಎಲ್ಲ ಕಾಗದ ಸರಿಯಿದ್ದರೆ ಒಪ್ಪಿಗೆ ಸಿಕ್ಕಂತೆಯೇ ಲೆಕ್ಕ. ಲೋಡ್ ಏರಿಸಬೇಕಿದ್ದರೆ ಎಸ್ಕಾಂ ತಾನೇ ಏರಿಸಬೇಕು. 5 ಕಿಲೋವಾಟ್‌ವರೆಗೆ ತಂತಿ, ಟಿ.ಸಿ. ಬಲಪಡಿಸುವ ಖರ್ಚೂ ಅದರದೇ. ದೊಡ್ಡ ಸ್ಥಾವರಗಳ ಪರಿಶೀಲನೆಗೆ 20 ದಿನ ಇದ್ದದ್ದು 15ಕ್ಕೆ ಇಳಿಯಿತು. ಅಳವಡಿಕೆ ಮುಗಿದ ಮೇಲೆ ಎಸ್ಕಾಂ ಚಾಲನೆ ಕೊಡಬೇಕಾದ ಅವಧಿ 30 ದಿನದಿಂದ 15 ದಿನವಾಯಿತು. ಟಿ.ಸಿ. ತಾಳುತ್ತದೆ ಎಂದು ತೋರಿಸಿಕೊಳ್ಳುವ ಭಾರ ಸಣ್ಣ ಮನೆಗಳ ಮಟ್ಟಿಗೆ ಹೀಗೆ ಇಳಿಯಿತು. ಹತ್ತು ವರ್ಷಗಳ ಹಿಂದೆಯೇ ಆಗಬೇಕಿದ್ದ ಕೆಲಸವಿದು.

ಅದೇ ತಿಂಗಳು ಪಿಎಂ ಸೂರ್ಯಘರ್ ಯೋಜನೆ ಘೋಷಣೆಯಾಯಿತು. ಒಂದು ಕೋಟಿ ಮನೆಗಳ ಗುರಿ, ಮೂರು ಕಿಲೋವಾಟ್ ಸ್ಥಾವರಕ್ಕೆ 78,000 ರೂಪಾಯಿ ಸಹಾಯಧನ. ಕರ್ನಾಟಕದಲ್ಲಿ ಅದಕ್ಕೆ ಎದುರಾಗಿ ನಿಲ್ಲುವ ಲೆಕ್ಕವೊಂದಿದೆ. 2023ರಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಪಡೆಯುವ ಮನೆಗೆ ತಾರಸಿಯ ಮೇಲೆ ಹಣ ಹೂಡುವ ಅವಸರವಿಲ್ಲ. ನಗರಗಳ ಅಪಾರ್ಟ್‌ಮೆಂಟ್‌ಗಳ ತೊಡಕು ಬೇರೆಯದೇ. ಅಲ್ಲಿ ತಾರಸಿ ಎಲ್ಲರಿಗೂ ಸೇರಿದ್ದು, ಮೀಟರ್ ಒಬ್ಬೊಬ್ಬರದು. ಎಸ್ಕಾಂನ ಒಪ್ಪಿಗೆ ಎಷ್ಟೇ ಸಲೀಸಾದರೂ ನಿವಾಸಿಗಳ ಸಂಘದ ಒಪ್ಪಿಗೆಯಿಲ್ಲದೆ ಪ್ಯಾನೆಲ್ ಮೇಲೇರುವುದಿಲ್ಲ.