ಓಟಿಪಿ ಹೇಳುವ ತೋಟಕ್ಕೆ ಪಾಸ್‌ಕೀ: ಸಕಲೇಶಪುರ–ಆಲೂರು ಸೀಮೆಯ ಕಾಫಿ ವಹಿವಾಟಿನಲ್ಲಿ ದೃಢೀಕರಣದ ಒಂದು ಸಮಸ್ಯೆ

ಮೊಬೈಲ್ ಆ್ಯಪ್‌ಗೆ ಸುರಕ್ಷಿತ ವ್ಯಾಲೆಟ್ ಮತ್ತು ಪಾಸ್‌ಕೀ ಲಾಗಿನ್ ಅಳವಡಿಸುವ ಬಗೆಗಿನ ಬರಹಗಳಲ್ಲಿ ಹೆಚ್ಚಿನವು ಒಂದು ಊಹೆಯ ಮೇಲೆ ನಿಂತಿವೆ: ಒಂದು ಖಾತೆಗೆ ಒಬ್ಬ ಮನುಷ್ಯ, ಅವನ ಕೈಯಲ್ಲಿ ಅವನದೇ ಫೋನು. ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಈ ಊಹೆ ನಿಲ್ಲುವುದು ಕಷ್ಟ. ಖಾತೆ ಯಜಮಾನರ ಹೆಸರಿನಲ್ಲಿ ಇರುತ್ತದೆ; ಅವರು ಹಾಸನದಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ; ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ಬರೆಯುವುದು, ಚೀಲ ತೂಗಿಸುವುದು, ಬಟವಾಡೆ ಮಾಡುವುದು ಎಲ್ಲ ತೋಟದ ಲೆಕ್ಕ ನೋಡುವ ರೈಟರ್ ಕೆಲಸ. ಸಣ್ಣ ಹಿಡುವಳಿಯಲ್ಲಾದರೆ ಪಹಣಿ ತಂದೆಯದು, ಫೋನು ಮಗನದು, ಕಣದಲ್ಲಿ ನಿಂತು ವ್ಯಾಪಾರಿಯೊಡನೆ ದರ ಮಾತಾಡುವವರು ತಾಯಿ. ಇಂಥ ಕಡೆ ಲಾಗಿನ್ ಎಂಬುದು ‘ಇವರು ಯಾರು’ ಎಂಬ ಪ್ರಶ್ನೆಗಿಂತ ಹೆಚ್ಚಾಗಿ ‘ಇವರು ಯಾರ ಪರವಾಗಿ, ಎಷ್ಟರ ಮಟ್ಟಿಗೆ’ ಎಂಬ ಪ್ರಶ್ನೆ. ಭದ್ರತಾ ಅಧ್ಯಯನಗಳ ಮುಖ್ಯಧಾರೆ ಈ ಎರಡನೆಯ ಪ್ರಶ್ನೆಯನ್ನು ಅಂಚಿಗೆ ತಳ್ಳಿದೆ ಎಂಬುದೇ ನನ್ನ ತಕರಾರು.

ವಿವಾದವಿಲ್ಲದ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ಎಸ್‌ಎಂಎಸ್ ಮೂಲಕ ಬರುವ ಓಟಿಪಿ ದುರ್ಬಲವೆಂಬುದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲೇ ಅದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತು. ಪಾಸ್‌ಕೀಗೆ ತಳಹದಿಯಾದ ವೆಬ್‌ಆಥೆನ್ ಮಾನಕ 2019ರ ಮಾರ್ಚ್‌ನಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿಯ ಅಧಿಕೃತ ಶಿಫಾರಸಾಯಿತು. 2022ರ ಮೇ ತಿಂಗಳಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಪಾಸ್‌ಕೀಗೆ ಬೆಂಬಲ ಘೋಷಿಸಿದವು. ಪಾಸ್‌ಕೀಯಲ್ಲಿ ಫೋನು ಜೋಡಿ ಕೀಲಿ ಸೃಷ್ಟಿಸುತ್ತದೆ. ಸಾರ್ವಜನಿಕ ಕೀಲಿ ಸರ್ವರ್‌ಗೆ ಹೋಗುತ್ತದೆ, ಖಾಸಗಿ ಕೀಲಿ ಬಳಕೆದಾರರ ಬಳಿಯೇ ಉಳಿಯುತ್ತದೆ. ಪ್ರತಿ ಸಲವೂ ಸರ್ವರ್ ಕಳಿಸುವ ಹೊಸ ಸವಾಲಿಗೆ ಫೋನು ಸಹಿ ಹಾಕುತ್ತದೆ. ಕೀಲಿ ಒಂದು ಡೊಮೇನಿಗೆ ಕಟ್ಟುಬಿದ್ದಿರುವುದರಿಂದ ನಕಲಿ ತಾಣಕ್ಕೆ ಅದು ಸಹಿ ಮಾಡುವುದೇ ಇಲ್ಲ. ಈ ಗುಣದ ಬೆಲೆ ದೊಡ್ಡದು. ಮುಂದೆ ನಾನು ಹೇಳುವ ಯಾವುದೂ ಅದನ್ನು ಅಲ್ಲಗಳೆಯುವುದಿಲ್ಲ.

ಈ ಸೀಮೆಗೆ ಆ್ಯಪ್ ಹೊಸತಲ್ಲ. ಕಾಫಿ ಮಂಡಳಿ 2018ರಲ್ಲಿ ‘ಕಾಫಿ ಕನೆಕ್ಟ್’ ಮತ್ತು ‘ಕಾಫಿ ಕೃಷಿತರಂಗ’ಗಳನ್ನು ತಂದಿತು, ಎರಡನೆಯದರ ಪ್ರಾಯೋಗಿಕ ಹಂತಕ್ಕೆ ಆರಿಸಿಕೊಂಡದ್ದು ಚಿಕ್ಕಮಗಳೂರು, ಹಾಸನ ಜಿಲ್ಲೆಗಳನ್ನೇ. 2019ರ ಮಾರ್ಚ್ 28ರಂದು ಮಂಡಳಿಯ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆ ಆ್ಯಪ್‌ಗೆ ಪ್ರಾಯೋಗಿಕ ಚಾಲನೆ ಸಿಕ್ಕಿತು. ಬೆಳೆಗಾರ, ರಫ್ತುದಾರ, ರೋಸ್ಟರ್ ಎಲ್ಲರೂ ಒಂದೇ ದಾಖಲೆಯಲ್ಲಿ ಕಾಣಿಸಿಕೊಂಡು ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಗಲಿ ಎಂಬುದು ಅದರ ಆಶಯ. ದೇಶದಲ್ಲಿ 3.66 ಲಕ್ಷ ಕಾಫಿ ಬೆಳೆಗಾರರಿದ್ದು ಅವರಲ್ಲಿ ಶೇ. 98ರಷ್ಟು ಸಣ್ಣವರು ಎಂದು ಆಗ ಸರ್ಕಾರವೇ ಹೇಳಿತು. ಈಚೆಗೆ ಯೂರೋಪಿನ ಅರಣ್ಯನಾಶ ತಡೆ ನಿಯಮ ಬಂದು, 4 ಹೆಕ್ಟೇರಿಗಿಂತ ದೊಡ್ಡ ತಾಕಿಗೆ ಸುತ್ತಳತೆಯ ಪೂರ್ತಿ ನಕ್ಷೆ, ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದುವಿನ ಅಕ್ಷಾಂಶ–ರೇಖಾಂಶ ಬೇಕೆಂದು ಹೇಳಿದೆ. ಎಂದರೆ ಆ್ಯಪ್‌ನೊಳಗೆ ಮುಂದೆ ಇರುವುದು ಹಣವಷ್ಟೇ ಅಲ್ಲ. ತೋಟದ ಗಡಿ, ಮಾಲಿನ ಮೂಲ, ಯಾರ ಲಾಟು ಯಾರಿಗೆ ಹೋಯಿತೆಂಬ ಸರಪಳಿ. ಇವೆಲ್ಲದರ ಬಾಗಿಲು ಒಂದೇ ಲಾಗಿನ್.

ಈಗ ವಿವಾದದ ಅಂಶಕ್ಕೆ ಬರುತ್ತೇನೆ. ಜೋಸೆಫ್ ಬೊನೋ, ಕಾರ್ಮಕ್ ಹರ್ಲಿ, ಪಾಲ್ ವಾನ್ ಊರ್‌ಶಾಟ್, ಫ್ರ್ಯಾಂಕ್ ಸ್ಟಯಾನೊ 2012ರಲ್ಲಿ ಪಾಸ್‌ವರ್ಡ್‌ಗೆ ಬದಲಿಯಾಗಬಹುದಾದ 35 ವಿಧಾನಗಳನ್ನು 25 ಗುಣಗಳ ಒರೆಗೆ ಹಚ್ಚಿದರು. ಬಳಕೆಯ ಸುಲಭ, ಅಳವಡಿಕೆಯ ಸುಲಭ, ಭದ್ರತೆ ಎಂಬ ಮೂರು ಗುಂಪಿನ ಆ ಪಟ್ಟಿ ಇಂದಿಗೂ ಈ ಕ್ಷೇತ್ರದ ಅಳತೆಗೋಲು. ಕಳವಿಗೆ, ಇಣುಕುನೋಟಕ್ಕೆ, ಫಿಶಿಂಗ್‌ಗೆ ಬಗ್ಗದಿರುವುದು ಅದರಲ್ಲಿದೆ; ಕೀಲಿ ಕಳೆದಾಗ ಸುಲಭವಾಗಿ ಮರಳಿ ಪಡೆಯುವುದಿದೆ; ಬಳಕೆದಾರರ ಸ್ಪಷ್ಟ ಸಮ್ಮತಿಯೂ ಇದೆ. ಆದರೆ ಇನ್ನೊಬ್ಬರಿಗೆ ಸೀಮಿತವಾಗಿ ಅಧಿಕಾರ ವಹಿಸಿ, ಮತ್ತೆ ಹಿಂತೆಗೆದುಕೊಳ್ಳುವ ಸಾಮರ್ಥ್ಯ ಆ 25ರಲ್ಲಿ ಪ್ರತ್ಯೇಕ ಗುಣವಾಗಿ ಬರುವುದಿಲ್ಲ. ಲ್ಯಾಸ್ತಾನಿ ಮತ್ತು ಸಂಗಡಿಗರು 2020ರಲ್ಲಿ ವೆಬ್‌ಆಥೆನ್ ಒಳಗೊಂಡ ಫೈಡೊ2 ಕುರಿತು ನಡೆಸಿದ ಅಧ್ಯಯನದಲ್ಲಿ ಜನ ಅದನ್ನು ಪಾಸ್‌ವರ್ಡ್‌ಗಿಂತ ಮೆಚ್ಚಿಕೊಂಡರು. ಕೀಲಿ ಕಳೆದರೆ ಗತಿಯೇನು ಎಂಬ ಆತಂಕವನ್ನೂ ಹೇಳಿಕೊಂಡರು. ದಕ್ಷಿಣ ಏಷ್ಯಾದ ವಾಸ್ತವಕ್ಕೆ ಹತ್ತಿರ ಬಂದದ್ದು ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರ 2018ರ ಅಧ್ಯಯನ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ 199 ಮಹಿಳೆಯರ ಮಾತುಗಳಿಂದ, ಮನೆಯೊಳಗೆ ಫೋನು ಹಂಚಿಕೊಳ್ಳುವುದು ಸಹಜವೆಂದೂ ಆ ಹಂಚಿಕೆಯೊಳಗೇ ಗುಟ್ಟು ಕಾಪಾಡುವ ಉಪಾಯಗಳಿವೆಯೆಂದೂ ಅದು ತೋರಿಸಿತು. ಆದರೆ ಅಲ್ಲಿನ ಹಂಚಿಕೆ ಒಂದೇ ಸೂರಿನಡಿಯದು. ತೋಟದ ಹಂಚಿಕೆ ಊರುಗಳನ್ನು ದಾಟಿದ್ದು, ಮೇಲು–ಕೆಳಗಿನ ಸಂಬಂಧದ್ದು.

ಒಂದು ಬಟವಾಡೆ ದಿನವನ್ನು ಹತ್ತಿರದಿಂದ ನೋಡೋಣ. ಹೆತ್ತೂರಿನ ಕಡೆಯ ತೋಟವೆಂದುಕೊಳ್ಳಿ. ರೋಬಸ್ಟಾ ಕುಯ್ಲು ನಡೆದಿದೆ, ಕಾರ್ಮಿಕರ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಯಾರು ಎಷ್ಟು ಕೆಜಿ ಹಣ್ಣು ಕುಯ್ದರೆಂದು ರೈಟರ್ ಲೆಕ್ಕ ಹಾಕಿ, ಯಜಮಾನರ ಖಾತೆಯಿಂದ ಹಣ ಹಾಕಲು ಮೊತ್ತ ನಮೂದಿಸುತ್ತಾರೆ. ಓಟಿಪಿ ಬರುವುದು ಬೆಂಗಳೂರಿನಲ್ಲಿರುವ ಯಜಮಾನರ ಫೋನಿಗೆ. ರೈಟರ್ ಫೋನು ಮಾಡಿ ‘ಸಾರ್, ಒಂದು ಓಟಿಪಿ ಬಂದಿರ್ಬೇಕು ನೋಡಿ’ ಎನ್ನುತ್ತಾರೆ. ಯಜಮಾನರು ಮೆಸೇಜ್ ತೆರೆದು ಮೊತ್ತ ನೋಡುತ್ತಾರೆ, ‘ಏನಪ್ಪಾ, ಈ ವಾರ ಇಷ್ಟೊಂದು?’ ಎಂದು ಕೇಳುತ್ತಾರೆ, ಉತ್ತರ ಸಮಾಧಾನ ತಂದರೆ ಆರು ಅಂಕಿ ಓದಿ ಹೇಳುತ್ತಾರೆ.

ಬ್ಯಾಂಕು ‘ಯಾರಿಗೂ ಹೇಳಬೇಡಿ’ ಎಂದು ಬರೆದು ಕಳಿಸಿದ ಅಂಕಿ ಅದು. ಭದ್ರತಾ ಶಾಸ್ತ್ರದ ಕಣ್ಣಿಗೆ ಇದು ನಿಯಮಭಂಗ. ಆದರೆ ನಡೆದದ್ದೇನು? ಒಂದು ವಹಿವಾಟಿಗೆ ಮಾತ್ರ, ಮೊತ್ತ ನೋಡಿ, ಪ್ರಶ್ನೆ ಕೇಳಿ, ಕೆಲವೇ ನಿಮಿಷ ಬಾಳುವ ಅಧಿಕಾರವನ್ನು ಗುರುತಿರುವ ದನಿಗೆ ಕೊಟ್ಟದ್ದು. ಬೊನೋ ಮತ್ತು ಸಂಗಡಿಗರು ಪಟ್ಟಿ ಮಾಡಿದ ‘ಸ್ಪಷ್ಟ ಸಮ್ಮತಿ’ ಇಲ್ಲಿ ಬಲವಾಗಿಯೇ ಇದೆ. ಓಟಿಪಿಯ ಯಾವ ಗುಣವನ್ನು ದೌರ್ಬಲ್ಯವೆಂದು ಎಣಿಸಲಾಗಿದೆಯೋ ಅದೇ ಗುಣ ಈ ತೋಟಗಳಲ್ಲಿ ಅಧಿಕಾರ ವಹಿಸಿಕೊಡುವ ಸಾಧನವಾಗಿದೆ.

ಪಾಸ್‌ಕೀ ಬಂದರೆ ಇದರ ಜಾಗದಲ್ಲಿ ಏನು ಬರುತ್ತದೆ? ಪಾಸ್‌ಕೀಯನ್ನು ಬಾಯಲ್ಲಿ ಹೇಳಲಾಗದು. ಕ್ಯೂಆರ್ ಕೋಡ್ ತೋರಿಸಿ ಇನ್ನೊಂದು ಫೋನಿನಿಂದ ಸಹಿ ಪಡೆಯುವ ದಾರಿ ಇದೆ. ಆದರೆ ದೂರದ ಮೋಸಗಾರ ಅದನ್ನು ಬಳಸದಿರಲಿ ಎಂದು ಎರಡೂ ಸಾಧನಗಳು ಬ್ಲೂಟೂತ್ ಅಳತೆಯೊಳಗೆ ಇರಬೇಕೆಂಬ ಷರತ್ತಿಟ್ಟಿದ್ದಾರೆ. ಬೆಂಗಳೂರು–ಹೆತ್ತೂರಿನ ನಡುವೆ ಅದು ಮುಚ್ಚಿದ ದಾರಿ. ಸುಲಭಕ್ಕೆ ಸಿಗುವ ಉಪಾಯ ಇದು: ಯಜಮಾನರ ಹೆಸರಿನ ಪಾಸ್‌ಕೀ ಇರುವ ಫೋನನ್ನೇ ತೋಟದಲ್ಲಿ ಬಿಟ್ಟು, ಅದರ ಸ್ಕ್ರೀನ್ ಲಾಕಿನ ಪಿನ್ನನ್ನು ರೈಟರ್‌ಗೆ ಹೇಳುವುದು, ಇಲ್ಲವೇ ಅವರ ಬೆರಳನ್ನೂ ಅದರಲ್ಲಿ ದಾಖಲಿಸುವುದು.

ಇಲ್ಲಿ ವೆಬ್‌ಆಥೆನ್ ದಾಖಲೆಯೇ ನನಗೆ ಮುಖ್ಯ ಸಾಕ್ಷ್ಯ. ಬಳಕೆದಾರರ ಪರಿಶೀಲನೆ ನಡೆಯಿತೆಂದು ಸರ್ವರ್‌ಗೆ ತಿಳಿಸುವುದು ಒಂದೇ ಒಂದು ಬಿಟ್. ಬೆರಳೋ ಮುಖವೋ ಪಿನ್ನೋ ಎಂಬುದನ್ನು ಅದು ಹೇಳುವುದಿಲ್ಲ. ಅಷ್ಟೇ ಅಲ್ಲ, ಆ ಪರಿಶೀಲನೆ ವ್ಯಕ್ತಿಯನ್ನು ಗುರುತಿಸಿಕೊಡುವುದಿಲ್ಲವೆಂದೂ, ಸಾಧನವನ್ನು ಹಲವರು ಹಂಚಿಕೊಂಡಿದ್ದರೆ ‘ಅದೇ ಬಳಕೆದಾರ’ ಎಂಬುದು ಅದೇ ಮನುಷ್ಯನೇ ಆಗಿರಬೇಕಿಲ್ಲವೆಂದೂ ಆ ದಾಖಲೆ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದೆ. ಮಾನಕ ಬರೆದವರು ಕಂಡಿದ್ದ ಈ ಮಿತಿಯನ್ನು ಅದನ್ನು ಅಳವಡಿಸುವವರು ಮರೆಯುತ್ತಿದ್ದಾರೆ. ಪರಿಣಾಮವಾಗಿ, ಓಟಿಪಿ ಕಾಲದಲ್ಲಿ ಒಂದೊಂದು ವಹಿವಾಟಿಗೆ ಸೀಮಿತವಾಗಿದ್ದ ಹಂಚಿಕೆ ಪಾಸ್‌ಕೀ ಕಾಲದಲ್ಲಿ ಇಡೀ ಫೋನಿನ ಹಂಚಿಕೆಯಾಗುತ್ತದೆ. ಯಜಮಾನರಿಗೆ ಕೇಳುವ ಅವಕಾಶ ತಪ್ಪುತ್ತದೆ. ಏನಾದರೂ ಎಡವಟ್ಟಾದರೆ ಎಲ್ಲ ಸಹಿಯೂ ಯಜಮಾನರದೇ ಆಗಿರುವುದರಿಂದ, ರೈಟರ್‌ಗೆ ತಾನು ನಿರ್ದೋಷಿಯೆಂದು ತೋರಿಸುವ ಆಧಾರವೂ ಇರುವುದಿಲ್ಲ. ರೈಟರ್‌ಗೆ ಆಗುವ ಈ ನಷ್ಟ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ.

ಈ ವಾದಕ್ಕೆ ಮಿತಿಗಳಿವೆ. ಮೊತ್ತ, ಪಡೆಯುವವರ ಹೆಸರು ಬರೆದಿರುವ ಪಾವತಿ ಓಟಿಪಿಗೆ ಮಾತ್ರ ಇದು ಸಲ್ಲುತ್ತದೆ; ಬರೀ ಲಾಗಿನ್ ಓಟಿಪಿಯಲ್ಲಿ ಯಜಮಾನರಿಗೆ ನೋಡಲು ಏನೂ ಇರುವುದಿಲ್ಲ, ಅದನ್ನು ಓದಿ ಹೇಳುವುದು ಇಡೀ ಖಾತೆಯನ್ನು ಕೊಟ್ಟಂತೆಯೇ. ಗುರುತಿರುವ ದನಿ ಬರುವ ದಾರಿಯಲ್ಲೇ ಕದಿಯುವವನ ದನಿಯೂ ಬರುತ್ತದೆ. ಓಟಿಪಿ ಕೇಳಿ ದುಡ್ಡು ದೋಚುವ ಕರೆಗಳಿಂದ ಕಷ್ಟಪಟ್ಟವರು ಈ ಸೀಮೆಯಲ್ಲೂ ಇದ್ದಾರೆ. ಯಜಮಾನರು ತೋಟದಲ್ಲೇ ವಾಸವಿರುವ ಕಡೆ, ಪಾಳ್ಯ, ಕೆಂಚಮ್ಮನ ಹೊಸಕೋಟೆ ಸುತ್ತಿನ ಸಣ್ಣ ಹಿಡುವಳಿಗಳಲ್ಲಿ, ವ್ಯತ್ಯಾಸ ಇಷ್ಟು ದೊಡ್ಡದಾಗಿರಲಾರದು. ಆದ್ದರಿಂದ ಓಟಿಪಿಯನ್ನೇ ಉಳಿಸಬೇಕೆಂದು ನಾನು ವಾದಿಸುತ್ತಿಲ್ಲ. ಓಟಿಪಿ ಮಾಡುತ್ತಿದ್ದ ಕೆಲಸವನ್ನು ಗುರುತಿಸದೆ ಅದನ್ನು ಕಿತ್ತರೆ ಆ ಕೆಲಸ ಇನ್ನೂ ಅಪಾಯದ ಜಾಗಕ್ಕೆ ಸರಿಯುತ್ತದೆ ಎನ್ನುತ್ತಿದ್ದೇನೆ, ಅಷ್ಟೇ.

ಪರಿಹಾರ ತಂತ್ರಜ್ಞಾನದೊಳಗೇ ಇದೆ. ಒಂದು ಖಾತೆಗೆ ಹಲವು ಪಾಸ್‌ಕೀ ದಾಖಲಿಸಲು ವೆಬ್‌ಆಥೆನ್‌ನಲ್ಲಿ ಅಡ್ಡಿಯಿಲ್ಲ. ಪ್ರತಿಯೊಂದಕ್ಕೂ ಬೇರೆ ಗುರುತು, ಬೇರೆ ಸಾರ್ವಜನಿಕ ಕೀಲಿ. ರೈಟರ್‌ಗೆ ಅವರದೇ ಫೋನಿನಲ್ಲಿ ಅವರದೇ ಪಾಸ್‌ಕೀ ಇರಲಿ. ತೂಕ ನಮೂದಿಸುವುದು, ಇಂತಿಷ್ಟರವರೆಗೆ ಬಟವಾಡೆ ಮಾಡುವುದು ಅದರ ವ್ಯಾಪ್ತಿಯಾಗಲಿ. ಲಾಟು ಮಾರಲು ಯಜಮಾನರ ಪಾಸ್‌ಕೀಯೇ ಬೇಕೆಂದಾಗಲಿ. ಇದಕ್ಕೆ ಪೂರ್ವನಿದರ್ಶನಗಳಿವೆ. ಕರ್ನಾಟಕದಲ್ಲಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ ಪಹಣಿ ತಿದ್ದುವ ನೌಕರರು ತಮ್ಮ ತಮ್ಮ ಬೆರಳಚ್ಚಿನಿಂದಲೇ ಒಳಹೋಗಬೇಕಿತ್ತು, ಯಾವ ಬದಲಾವಣೆ ಯಾರದೆಂಬುದು ಅದರಿಂದ ಉಳಿಯಿತು. 2024ರ ಆಗಸ್ಟ್‌ನಲ್ಲಿ ಬಂದ ಯುಪಿಐ ಸರ್ಕಲ್ ಒಬ್ಬರ ಖಾತೆಯಿಂದ ಇನ್ನೊಬ್ಬರು ಮಿತಿಯೊಳಗೆ ಪಾವತಿಸಲು, ಅಥವಾ ಪ್ರತಿ ಪಾವತಿಗೂ ಮೂಲ ಖಾತೆದಾರರ ಒಪ್ಪಿಗೆ ಕೇಳಲು ಅವಕಾಶ ಮಾಡಿದೆ. ಬಟವಾಡೆಯ ಫೋನ್ ಕರೆಯಲ್ಲಿ ನಡೆಯುತ್ತಿದ್ದುದು ಹೆಚ್ಚುಕಡಿಮೆ ಇದೇ. ಹಣ ಇಟ್ಟುಕೊಳ್ಳುವ ವ್ಯಾಲೆಟ್ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕಾದ್ದರಿಂದ ಕಾಫಿ ಆ್ಯಪ್ ಮಾಡುವವರಿಗೆ ಇಂಥ ವ್ಯವಸ್ಥೆಗೆ ಜೋಡಿಸಿಕೊಳ್ಳುವುದೇ ಕಾರ್ಯಸಾಧ್ಯ.

ವ್ಯಾಲೆಟ್‌ನ ಕೀಲಿಯದು ಇನ್ನೊಂದು ತೊಡಕು. ಆ್ಯಂಡ್ರಾಯ್ಡ್ ಕೀಸ್ಟೋರಿನಲ್ಲಿ ಆ್ಯಪ್ ತನ್ನದೇ ಕೀಲಿ ಇಟ್ಟು, ಬೆರಳಚ್ಚಿಗೆ ಮಾತ್ರ ತೆರೆಯುವಂತೆಯೂ ಹೊಸ ಬೆರಳು ದಾಖಲಾದ ಕೂಡಲೇ ರದ್ದಾಗುವಂತೆಯೂ ಮಾಡಬಹುದು. ಕಾಗದದ ಮೇಲೆ ಇದು ಬಿಗಿಯಾದ ಭದ್ರತೆ. ಆದರೆ ಸಣ್ಣ ಬೆಳೆಗಾರರು ತಾವೇ ಹಣ್ಣು ಕುಯ್ಯುತ್ತಾರೆ, ಚಿಗುರು ತೆಗೆಯುತ್ತಾರೆ, ಕಣದಲ್ಲಿ ಚೆರ್ರಿ ಕೆದಕುತ್ತಾರೆ. ಅಂಟು ಹಿಡಿದು ಕಪ್ಪಾದ, ಸವೆದು ಸಿಪ್ಪೆ ಎದ್ದ ಬೆರಳನ್ನು ಅಗ್ಗದ ಫೋನಿನ ಸೆನ್ಸರ್ ಕುಯ್ಲಿನ ತಿಂಗಳುಗಳಲ್ಲೇ ಹೆಚ್ಚಾಗಿ ತಿರಸ್ಕರಿಸುತ್ತದೆ. ಹಣ ಓಡಾಡುವುದೂ ಆ ತಿಂಗಳುಗಳಲ್ಲೇ. ಬೆರಳಿಗೆ ಬದಲಾಗಿ ಪಿನ್ ಒಪ್ಪಿದರೆ ಹಂಚಿಕೆಯ ಬಾಗಿಲು ಮತ್ತೆ ತೆರೆಯುತ್ತದೆ. ಪ್ರತಿಯೊಬ್ಬರಿಗೂ ಬೇರೆ ಪಾಸ್‌ಕೀ ಕೊಟ್ಟ ಮೇಲೆ ಪಿನ್ ಒಪ್ಪುವುದೇ ಮೇಲೆಂದು ನನ್ನ ಅಭಿಪ್ರಾಯ: ಆಗ ಪಿನ್ ಹಂಚಿಕೊಳ್ಳುವ ಅಗತ್ಯವೇ ಕಡಿಮೆಯಾಗಿರುತ್ತದೆ.

ರಿಸರ್ವ್ ಬ್ಯಾಂಕಿನ 2025ರ ದೃಢೀಕರಣ ನಿರ್ದೇಶನಗಳು 2026ರ ಏಪ್ರಿಲ್ 1ರಿಂದ ಅನ್ವಯ. ಅವು ಎಸ್‌ಎಂಎಸ್ ಓಟಿಪಿಯನ್ನು ನಿಷೇಧಿಸದೆ ಇತರ ವಿಧಾನಗಳಿಗೂ ಜಾಗ ಮಾಡಿರುವುದರಿಂದ, ಹೀಗೆ ಯೋಚಿಸಿ ಕಟ್ಟಲು ಸಮಯವಿದೆ.

ಇನ್ನೂ ಬಗೆಹರಿಯದ ಪ್ರಶ್ನೆಗಳು ಕೆಲವಿವೆ. ಪಾಸ್‌ಕೀ ಗೂಗಲ್ ಖಾತೆಯಲ್ಲಿ ಉಳಿದರೆ, ಮೊಬೈಲ್ ಅಂಗಡಿಯಲ್ಲಿ ಬೇರೆಯವರು ತೆರೆದುಕೊಟ್ಟು ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದ ಖಾತೆಯೇ ಎಲ್ಲದಕ್ಕೂ ಬುಡವಾಗುತ್ತದೆ. ಅದನ್ನು ಮರಳಿ ಪಡೆಯಲು ಕೊನೆಗೆ ಮತ್ತೆ ಎಸ್‌ಎಂಎಸ್ಸೇ ಬೇಕಾಗಬಹುದು. ಕೆಲಸ ಬಿಟ್ಟ ರೈಟರ್‌ನ ಪಾಸ್‌ಕೀಯನ್ನು ರದ್ದು ಮಾಡಿದರೂ, ಅವರು ಅದುವರೆಗೆ ಹಾಕಿದ ಸಹಿಗಳ ದಾಖಲೆಯ ಒಂದು ಪ್ರತಿ ಅವರ ಕೈಗೂ ಸಿಗಬೇಕೇ ಎಂಬುದನ್ನು ಯಾರೂ ತೀರ್ಮಾನಿಸಿಲ್ಲ. ಮಳೆಗಾಲದಲ್ಲಿ ಬಿಸಿಲೆ, ಹಾನುಬಾಳು ಕಡೆ ಕರೆಂಟು ಹೋಗಿ ಟವರ್ ನಿಂತಾಗ ಸರ್ವರ್‌ನ ಸವಾಲು ಫೋನಿಗೆ ತಲುಪುವುದಿಲ್ಲ. ಹಾಗೆ ಸಂಪರ್ಕವಿಲ್ಲದ ದಿನಗಳಲ್ಲಿ ಆ್ಯಪ್ ನಮೂದುಗಳನ್ನು ಫೋನಿನಲ್ಲೇ ಹಿಡಿದಿಟ್ಟರೆ, ಆ ಅವಧಿಯಲ್ಲಿ ರದ್ದಾದ ಪಾಸ್‌ಕೀಯಿಂದ ಬರೆದ ಲೆಕ್ಕ ಊರ್ಜಿತವೋ ಅಲ್ಲವೋ ಎಂಬುದೂ ಹಾಗೆಯೇ ಉಳಿದಿದೆ. ಕೂಲಿ ಪಡೆಯುವವರ ಕಡೆಯಿಂದ ಈ ಇಡೀ ವ್ಯವಸ್ಥೆ ಹೇಗೆ ಕಾಣುತ್ತದೆಂಬುದಕ್ಕೆ ಲೈನ್ ಮನೆಗಳಿಂದಲೇ ಶುರುವಾಗುವ ಬೇರೆ ಅಧ್ಯಯನ ಬೇಕು.